ಟೀಚರ್ ಗಂಡನಿಗೆ ಕಟ್ಟಿಕೊಟ್ಟ ಪಾಠ

ಅವಳು ಶಾಲೆ ಬಿಟ್ಟು ಬಹಳ ವರ್ಷಗಳಾಗಿದ್ದರೂ ಬೀದಿಯವರ ಬಾಯಲ್ಲಿ ಟೀಚರಾಗಿಯೇ ಉಳಿದಿದ್ದಳು. ಬಿಟ್ಟದ್ದೇನೂ ಮನಸ್ಸಾರೆಯಲ್ಲ. ಗಿಜಿಗುಡುವ ಕ್ಲಾಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂಗಿ ಕೂಗಿ ಗಂಟಲಿನೊಳಗೆ ಗಂಟುಗಳಾಗಿದ್ದವು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಇನ್ನೂ ಕೂಗ್ತಾ ಹೋದ್ರೆ ಪಿಸುಮಾತಿಗೂ ಗತಿ ಇರಲ್ಲ ನೋಡಿ" ಅಂದುಬಿಟ್ಟರು. ಒಡಕು ದನಿ ಇಟ್ಟುಕೊಂಡು ಅವಳು ಆನ್‌ಲೈನ್ ಪಾಠಗಳನ್ನು ತಯಾರಿಸುವ ಕಂಪನಿಯೊಂದನ್ನು ಸೇರಿಕೊಂಡಳು. ಆಫೀಸು ಇದ್ದದ್ದು ಫರ್ನಿಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ವಾರ್ನಿಷ್ ವಾಸನೆ ಮೇಲೇರಿ ಬಂದು ಮಧ್ಯಾಹ್ನದ ಡಬ್ಬಿಯ ಊಟಕ್ಕೂ ಅಂಟಿಕೊಳ್ಳುತ್ತಿತ್ತು.

ಗೋಡೌನಿನಲ್ಲಿ ಪೆಟ್ಟಿಗೆ ಎತ್ತುವವರಿಗೆ, ಅಂಗಡಿಯ ಕ್ಯಾಷಿಯರ್‌ಗಳಿಗೆ, ಆಸ್ಪತ್ರೆಯ ಆಯಾಗಳಿಗೆ ಅವಳು ಪಾಠ ಕಟ್ಟುತ್ತಿದ್ದಳು. ಅದಕ್ಕಾಗಿ ಮನುಷ್ಯ ಹೇಗೆ ಕಲಿಯುತ್ತಾನೆ, ಯಾಕೆ ಕಲಿಯುತ್ತಾನೆ ಎಂಬ ಬಗ್ಗೆ ದಪ್ಪ ದಪ್ಪ ಪುಸ್ತಕಗಳನ್ನು ಓದಬೇಕಾಯಿತು. ತಲೆ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ನಾಲ್ಕೈದು ಸಂಗತಿಗಳನ್ನು ಮಾತ್ರ, ಅದರ ಮೇಲೆ ಸುರಿದದ್ದೆಲ್ಲ ಚೆಲ್ಲಿಹೋಗುತ್ತದೆ. ಚಿತ್ರ ತೋರಿಸಿ ಬಾಯಲ್ಲಿ ಹೇಳುವಾಗ ಅದೇ ಮಾತನ್ನು ಕೆಳಗೆ ಬರೆದೂ ಇಟ್ಟರೆ ಕಣ್ಣು ಎರಡೂ ಕಡೆ ಓಡಾಡಿ ದಣಿಯುತ್ತದೆ. ಕಲಿಸಿದ್ದನ್ನೇ ಮತ್ತೆ ಮತ್ತೆ ಒಪ್ಪಿಸುವುದಕ್ಕಿಂತ, ಸ್ವಲ್ಪ ಮರೆಯಲು ಬಿಟ್ಟು ಕೇಳುವುದು ಮೇಲು. ಇನ್ನು ಕಲಿಯುವ ಹುರುಪಿನ ವಿಷಯ: ಆರಿಸಿಕೊಂಡದ್ದು ತಾನೇ ಅನ್ನಿಸಬೇಕು, ತನ್ನ ಕೈಲಿ ಆಗುತ್ತದೆ ಅನ್ನಿಸಬೇಕು, ತನ್ನವರು ಜೊತೆಗಿದ್ದಾರೆ ಅನ್ನಿಸಬೇಕು. ಓದುತ್ತ ಓದುತ್ತ ಅವಳಿಗೆ ಹಳೆಯ ಕ್ಲಾಸಿನ ಹಿಂದಿನ ಬೆಂಚು ಕಣ್ಣಿಗೆ ಕಟ್ಟುತ್ತಿತ್ತು. ಅಲ್ಲಿ ಕೂತಿದ್ದವರನ್ನೆಲ್ಲ ದಡ್ಡರೆಂದು ಬರೆದುಕೊಟ್ಟವಳು ತಾನೇ ಅಲ್ಲವೇ ಎಂದು ಕಸಿವಿಸಿಯಾಗುತ್ತಿತ್ತು.

ಮನೆಗೆ ಬಂದು ಇದನ್ನೆಲ್ಲ ಗಂಡನ ಮುಂದೆ ಬಿಚ್ಚುತ್ತಿದ್ದಳು. ಅವನದು ಪಕ್ಕದ ಬೀದಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಪುಟ್ಟ ಅಂಗಡಿ. ಮಾತು ಕಡಿಮೆ, ಆಡಿದರೆ ಕೊಂಕು.

"ತಲೆಗೆ ಒಂದ್ಸಲಕ್ಕೆ ನಾಲ್ಕೈದೇ ವಿಷಯ ಹಿಡಿಯೋದಂತೆ ರೀ."

"ಹಾಗಾದ್ರೆ ನೀನು ಸಂತೆಗೆ ಕಳಿಸುವಾಗ ಹತ್ತು ಸಾಮಾನು ಹೇಳೋದು ನಿನ್ನ ತಪ್ಪು. ಅರ್ಧ ಮರೆತು ಬಂದದ್ದಕ್ಕೆ ಇಷ್ಟು ವರ್ಷ ಬೈಸ್ಕೊಂಡದ್ದು ನಾನು!"

ಅವಳು ನಗುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಅವನ ಈ ಕೊಂಕೇ ಸಡಗರ.

ಒಂದು ದಿನ ಅವನು ಅಂಗಡಿಯಲ್ಲೇ ಕುಸಿದು ಬಿದ್ದ. ಮೋಟಾರು ಒಯ್ಯಲು ಬಂದ ಗಿರಾಕಿ ನೋಡಿದಾಗ ತಂತಿಯ ಉರುಳೆಯನ್ನು ತಬ್ಬಿಕೊಂಡು ಮಲಗಿದ್ದನಂತೆ. ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು, ಮಾತು ಹೋಯಿತು. ಪೂರ್ತಿ ಹೋಗಿದ್ದರೂ ಒಂದು ರೀತಿ ಸರಿಯಿತ್ತೇನೋ. ಒಂದು ಮಾತು ಉಳಿದುಕೊಂಡಿತ್ತು: "ಆಯ್ತು." ಹಸಿವಾದರೂ ಆಯ್ತು, ಬೇಡವೆಂದರೂ ಆಯ್ತು, ಸಿಟ್ಟು ನೆತ್ತಿಗೇರಿದಾಗ ಗೋಡೆಗೆ ಎಡಗೈ ಬಡಿದು ಆಯ್ತು, ಆಯ್ತು. ಯಾವಾಗಲೋ ಚಮಚ ಕೆಳಗೆ ಬಿದ್ದಾಗ ಒಂದು ಶುದ್ಧ ಬೈಗುಳ ಅಚ್ಚುಕಟ್ಟಾಗಿ ಹೊರಬಂತು. ಟೀಚರ್ ಖುಷಿಯಿಂದ ಅತ್ತುಬಿಟ್ಟಳು. ಇನ್ನೊಮ್ಮೆ ಅನ್ನಿ ಎಂದು ಗೋಗರೆದಳು. ಬರಲಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಥೆರಪಿಸ್ಟ್ ಇದ್ದರು. ಅವರ ಬಾಗಿಲಲ್ಲಿ ಕಾದವರ ಸಾಲು ಕಾರಿಡಾರು ದಾಟುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಸಿಕ್ಕರೆ ಅದೇ ಹೆಚ್ಚು. "ಬೇರೆಯವರು ಆಡಿದ್ದು ಕೂಡ ಇವರಿಗೆ ಪೂರ್ತಿ ತಿಳೀತಿಲ್ಲಮ್ಮ. ಮೊದಲು ಕೇಳಿ ಗುರುತಿಸೋದು ಬರಲಿ, ಆಡೋದು ಆಮೇಲೆ. ಮನೆಯಲ್ಲಿ ದಿನಾ ಮಾಡಿಸಿ" ಎಂದು ಅವರು ಕಳಿಸಿದರು.

ದಿನಾ ಮಾಡಿಸುವುದು ಹೇಗೆಂದು ಟೀಚರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆಯ ವಸ್ತುಗಳ ಫೋಟೋಗಳನ್ನು ಅವಳೇ ತೆಗೆದಳು. ಯಾರದೋ ಲೋಟವಲ್ಲ, ಅವನದೇ ಅಂಚು ನೆಗ್ಗಿದ ಲೋಟ. ಅವನ ಚಾದರ, ಅವನ ಕನ್ನಡಕ, ಬಚ್ಚಲ ಬಾಗಿಲು, ಬಾಚಣಿಗೆ. ನೋವಿಗೆ ಏನು ತೋರಿಸುವುದು? ತಾನೇ ಮುಖ ಕಿವುಚಿಕೊಂಡು ಫೋಟೋ ತೆಗೆಸಿಕೊಂಡಳು. ಚೆನ್ನಾಗಿದ್ದೇನೆ ಎಂಬುದಕ್ಕೆ ನಗುವ ಫೋಟೋ. ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಒಂದು ಸಲಕ್ಕೆ ನಾಲ್ಕೇ ಚಿತ್ರ, ಹಿಂದೆ ಬೋಳು ಬಿಳುಪು, ಕೆಳಗೆ ಒಂದಕ್ಷರವಿಲ್ಲ. ರೆಕಾರ್ಡು ಮಾಡಿಟ್ಟ ಅವಳ ಒಡಕು ದನಿ "ನೀರು" ಅನ್ನುತ್ತದೆ. ಅವನು ಎಡಗೈ ಬೆರಳಿನಿಂದ ಲೋಟವನ್ನು ಮುಟ್ಟಬೇಕು. ಚಿತ್ರಗಳು ಪ್ರತಿಸಲ ಜಾಗ ಬದಲಾಯಿಸುತ್ತಿದ್ದವು. ತಪ್ಪಿದ್ದು ಸ್ವಲ್ಪ ಹೊತ್ತು ಬಿಟ್ಟು ಮರಳಿ ಬರುತ್ತಿತ್ತು. ಅಡುಗೆಮನೆ, ಬಚ್ಚಲು, ಅಂಗಡಿ, ಯಾವುದರಿಂದ ಶುರು ಮಾಡಬೇಕೆಂಬುದು ಅವನ ಇಷ್ಟಕ್ಕೇ ಬಿಟ್ಟದ್ದು. ಕಂಪನಿಯ ಪಾಠಗಳಲ್ಲಿ ಉತ್ತರ ಸರಿಯಾದಾಗ ಬಹುಮಾನವಾಗಿ ಪರದೆಯ ಮೇಲೆ ನಕ್ಷತ್ರ ಬೀಳುವುದಿತ್ತು, ಅದು ಅವಳಿಗೆ ಬೇಡವಾಗಿತ್ತು. ದೊಡ್ಡ ಮನುಷ್ಯನಿಗೆ ನಕ್ಷತ್ರದ ಆಸೆ ಹಚ್ಚಿದರೆ ಕಲಿಯುವುದು ಹಿಂದೆ ಬಿದ್ದು ನಕ್ಷತ್ರವೇ ಮುಂದೆ ಬರುತ್ತದೆಂದು ಎಷ್ಟೋ ಸಲ ಆಫೀಸಿನಲ್ಲಿ ವಾದಿಸಿದವಳು ಅವಳು. ತೆಗೆದುಹಾಕಿದಳು. ನಕ್ಷತ್ರದ ಬದಲು ಪಕ್ಕದಲ್ಲಿ ತಾನೇ ಕೂತು, ಬೆನ್ನು ಸವರಿ, "ಭೇಷ್" ಅನ್ನುತ್ತಿದ್ದಳು.

ಮೊದಮೊದಲು ಎಲ್ಲ ಅಡ್ಡಾದಿಡ್ಡಿ. ಬರಬರುತ್ತ ಅವನ ಬೆರಳು ಸರಿದಾರಿಗೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಅಪರೂಪಕ್ಕೊಮ್ಮೆ ಮಾತ್ರ ತಪ್ಪುತ್ತಿತ್ತು. ಬೆರಳಿಟ್ಟು, ಅವಳ ಕಡೆ ತಿರುಗಿ, ಸೊಟ್ಟ ಬಾಯಲ್ಲಿ ನಗುತ್ತಿದ್ದ. ಅವಳು ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದಳು.

ಹಗಲು ಅವಳು ಆಫೀಸಿಗೆ ಹೋದಾಗ ನಾದಿನಿ ಬಂದು ಕೂರುತ್ತಿದ್ದಳು. ಗಂಡನ ತಂಗಿ, ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಸಂಜೆ ಪಾಳಿಯ ಕೆಲಸ. ಮನಸ್ಸಿಗೆ ಬಂದದ್ದನ್ನು ತಿರುಚದೆ ಆಡುವವಳು.

"ಅತ್ತಿಗೆ, ನನ್ನ ಜೊತೆ ಕೂತಾಗ ಅಣ್ಣನಿಗೆ ಅದು ಬರಲ್ಲ" ಎಂದಳು ಒಂದು ದಿನ.

"ಅದು ಅಂದ್ರೆ?"

"ಆ ಚಿತ್ರದ ಆಟ. ನೀರು ಅಂದ್ರೆ ಬಾಚಣಿಗೆ ಮುಟ್ತಾನೆ."

"ನೀನು ಪಾತ್ರೆ ತೊಳೀತಾ ಮಾಡಿಸ್ತೀಯೇನೋ. ಗಮನ ಬೇಕಮ್ಮ ಅದಕ್ಕೆ. ಒಬ್ಬರು ಪಕ್ಕದಲ್ಲಿ ಕೂತು ಹುರಿದುಂಬಿಸಬೇಕು."

"ನಿಮ್ಮಷ್ಟು ಓದಿಲ್ಲ ನಾನು" ಎಂದು ನಾದಿನಿ ಸೆರಗು ಕೊಡವಿ ಎದ್ದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಆಫೀಸಿನಲ್ಲಿ ಟೀಚರ್ ಈ ಪಾಠವನ್ನು ಮ್ಯಾನೇಜರಿಗೆ ತೋರಿಸಿದಳು. ಅವಳಿಗಿಂತ ಚಿಕ್ಕವನು, ಕೆಟ್ಟವನೇನಲ್ಲ. ಗಂಡನ ಸರಿಯುತ್ತರಗಳ ಲೆಕ್ಕ ತೋರಿಸುತ್ತ ಏರುತ್ತ ಹೋದ ಗೆರೆಯನ್ನು ನೋಡಿ ಅವನ ಕಣ್ಣು ಅರಳಿತು. "ಮೇಡಂ, ಇಂಥ ಕಾಯಿಲೆ ಇರೋ ಮನೆ ಎಷ್ಟಿವೆ ಗೊತ್ತಾ? ಎಲ್ಲರಿಗೂ ಸಿಗೋ ಹಾಗೆ ಮಾಡೋಣ. ನಿಮ್ಮ ಮನೆಯವರೇ ಮೊದಲ ಸಾಕ್ಷಿ." ಅವಳಿಗೂ ಅದು ಬೇಕಿತ್ತು. ಗಂಡನ ಕಾಯಿಲೆಯಿಂದ ನಾಲ್ಕು ಜನಕ್ಕೆ ಒಳ್ಳೆಯದಾದರೆ ಆ ಕಾಯಿಲೆಗೂ ಒಂದು ಅರ್ಥ ಬಂದೀತು ಎಂದುಕೊಂಡಳು. ಕಂಪನಿಯ ಹಿರಿಯರ ಮುಂದೆ ಪಾಠವನ್ನು ತೋರಿಸಿ ಒಪ್ಪಿಸುವ ದಿನ ಗೊತ್ತಾಯಿತು.

ಆ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಬಸ್ಸಿಗೆ ಹೊತ್ತಾಯಿತೆಂಬ ಧಾವಂತದಲ್ಲಿ ಅವಳು ಗಂಡನ ಕಾಲಿಗೆ ಪೈಜಾಮ ಏರಿಸುತ್ತಿದ್ದಳು. ಬಲಗಾಲಿನ ಮೀನಖಂಡ ಸ್ವಲ್ಪ ದಪ್ಪಗೆ ಕಂಡಿತು. ಮುಟ್ಟಿದಾಗ ಅವನು ಉಸಿರೆಳೆದುಕೊಂಡ.

"ನೋವಿದೆಯಾ ರೀ?"

"ಆಯ್ತು."

ಆಯ್ತು ಎಂದರೆ ಏನೆಂದು ತಿಳಿಯುವುದು? ಅವಳು ಟ್ಯಾಬ್ಲೆಟ್ಟು ತೆರೆದು ನೋವಿನ ಮುಖ, ನಗುವ ಮುಖ ಎರಡನ್ನೂ ಅವನ ಮುಂದೆ ಹಿಡಿದಳು. "ನೋವಿದ್ರೆ ಇದು. ಚೆನ್ನಾಗಿದ್ರೆ ಇದು. ತೋರಿಸಿ." ಅವನು ಅವಳ ಮುಖವನ್ನು ನೋಡಿದ. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಅವನ ಬೆರಳು ನಗುವ ಮುಖದ ಮೇಲೆ ಹೋಗಿ ಕೂತಿತು.

"ಭೇಷ್" ಎಂದು ಅವಳು ಓಡಿದಳು.

ಹಿರಿಯರು ತಲೆದೂಗಿದರು. ಒಬ್ಬರು ಎದ್ದು ಬಂದು ಅವಳ ಕೈಕುಲುಕಿದರು. ಕುರ್ಚಿಗೆ ಮರಳುವಷ್ಟರಲ್ಲಿ ನಾದಿನಿಯ ಫೋನು. "ಅತ್ತಿಗೆ, ಅಣ್ಣನಿಗೆ ಉಸಿರು ಸಿಗ್ತಿಲ್ಲ. ಆಂಬ್ಯುಲೆನ್ಸ್ ಬಂತು. ಬೇಗ ಬನ್ನಿ."

ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿತ್ತು. "ಈ ಊತ ಒಂದು ದಿನದ್ದಲ್ಲ. ನೋವಾಗ್ತಿದ್ದಿರಬೇಕು. ಹೇಳಲಿಲ್ವಾ?" ಎಂದು ಡಾಕ್ಟರು ಕೇಳಿದರು. "ಚೆನ್ನಾಗಿದ್ದೀನಿ ಅಂತ ತೋರಿಸಿದ್ರು" ಎಂದಳು ಅವಳು.

ವಾರ್ಡಿನಲ್ಲಿ ಮಾತು ಬಾರದವರಿಗೆಂದು ಚಿತ್ರಗಳ ಹಲಗೆಯೊಂದಿತ್ತು. ಎರಡು ದಿನ ಬಿಟ್ಟು, ಅವನು ಸ್ವಲ್ಪ ಚೇತರಿಸಿಕೊಂಡಾಗ, ನರ್ಸು ಅದನ್ನು ಹಿಡಿದು ಏನು ಬೇಕೆಂದು ಕೇಳಿದಳು. ಟೀಚರ್ ಬಾಗಿಲಾಚೆ ನಿಂತಿದ್ದಳು. ಅವನು ಹಲಗೆಯ ಕಡೆ ಕಣ್ಣು ಹಾಯಿಸದೆ ಕೋಣೆಯನ್ನೆಲ್ಲ ಹುಡುಕಾಡಿದ. ನರ್ಸು ಹೊರಗೆ ಬಂದು, "ಇವರಿಗೆ ಅರ್ಥ ಆಗ್ತಿಲ್ಲ ಅನ್ಸುತ್ತೆ" ಎಂದಳು.

"ಆಗುತ್ತಲ್ಲ, ಮನೇಲಿ ಎಲ್ಲ ಸರಿ ಹೇಳ್ತಾರೆ" ಎಂದು ಟೀಚರ್ ಒಳಗೆ ಹೋಗಿ ಹಲಗೆ ತೆಗೆದುಕೊಂಡಳು. "ನೀರು" ಅಂದಳು. ಬೆರಳು ನೆಟ್ಟಗೆ ನೀರಿನ ಚಿತ್ರಕ್ಕೆ ಹೋಯಿತು. ಆಗ ಅವಳಿಗೆ ಕಂಡಿತು: ಅವನು ಹಲಗೆಯನ್ನು ನೋಡಿರಲೇ ಇಲ್ಲ. ನೋಡಿದ್ದು ಅವಳ ಕಣ್ಣನ್ನು.

ಅವಳು ಇನ್ನೊಮ್ಮೆ "ನೀರು" ಅಂದಳು. ಅನ್ನುತ್ತ, ಬೇಕೆಂದೇ ಮೂಲೆಯಲ್ಲಿದ್ದ ಕಂಬಳಿಯ ಚಿತ್ರವನ್ನು ದಿಟ್ಟಿಸಿದಳು. ಅವನ ಬೆರಳು ಹೊರಟಿತು, ಅವಳ ನೋಟದ ಹಿಂದೆಯೇ ಸಾಗಿ ಕಂಬಳಿಯ ಮೇಲೆ ನಿಂತಿತು. ಆಮೇಲೆ ತಲೆ ಎತ್ತಿ, ಸೊಟ್ಟ ಬಾಯಲ್ಲಿ ನಗುತ್ತ, ಕಾದ.

"ಭೇಷ್" ಅಂದಳು ಅವಳು.

ಚಿತ್ರಗಳ ಜಾಗ ಬದಲಾಯಿಸಿದ್ದಳು, ಅಕ್ಷರ ತೆಗೆದಿದ್ದಳು, ನಕ್ಷತ್ರ ತೆಗೆದಿದ್ದಳು. ತನ್ನನ್ನು ತೆಗೆದಿರಲಿಲ್ಲ. ಸರಿಯಾದ ಚಿತ್ರದ ಮೇಲೆ ತನ್ನ ಕಣ್ಣು ಮೊದಲೇ ಹೋಗಿ ನಿಲ್ಲುತ್ತಿತ್ತು, ಅವನ ಬೆರಳು ಹತ್ತಿರ ಬಂದಂತೆ ಉಸಿರು ಬಿಗಿಯಾಗುತ್ತಿತ್ತು, ಮುಟ್ಟಿದಾಗ ಮುಖ ಅರಳುತ್ತಿತ್ತು. ಅಷ್ಟು ತಿಂಗಳು ಅವನು ಕಲಿತದ್ದು ಅದೊಂದನ್ನೇ, ಚಾಚೂ ತಪ್ಪದೆ. ಬಸ್ಸಿಗೆ ಹೊತ್ತಾದ ಬೆಳಿಗ್ಗೆ ಆ ಮುಖ ಏನು ಬಯಸುತ್ತಿತ್ತು ಎಂಬುದನ್ನೂ ಸರಿಯಾಗಿಯೇ ಓದಿದ್ದ.

ನಾದಿನಿಗೆ ಹೇಳಿದಾಗ, ನಾನು ಆಗಲೇ ಅಂದಿರಲಿಲ್ಲವೇ ಎಂದು ಅವಳು ಚುಚ್ಚಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಕೂತು, "ಚಿಕ್ಕವನಿದ್ದಾಗಲೂ ಹಾಗೇ ಅತ್ತಿಗೆ" ಎಂದಳು. "ಜ್ವರ ಬಂದಾಗ ಅಮ್ಮ ಅಳಬಾರದು ಅಂತ, ಕಹಿ ಔಷಧಿ ಕುಡಿದು ಸಿಹಿ ಇದೆ ಅಂತಿದ್ದ."

ಮನೆಗೆ ಕರೆತಂದ ಮೇಲೆ ಟೀಚರ್ ಅವನ ಕುರ್ಚಿಯ ಹಿಂದೆ, ಅವನ ಕಣ್ಣಿಗೆ ಬೀಳದಂತೆ ನಿಂತು ಪಾಠ ನಡೆಸಿ ನೋಡಿದಳು. ಅವನು ಪರದೆ ಬಿಟ್ಟು ಕತ್ತು ತಿರುಗಿಸಿ ಅವಳನ್ನು ಹುಡುಕಿದ. "ಮುಂದೆ ನೋಡಿ" ಎಂದರೆ ನೋಡುತ್ತಿದ್ದ, ಬೆರಳು ಯಾವ ಚಿತ್ರಕ್ಕೂ ಇಳಿಯದೆ ಗಾಳಿಯಲ್ಲೇ ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿದ್ದ. ಕೊನೆಗೆ ಟ್ಯಾಬ್ಲೆಟ್ಟನ್ನು ದೂಡಿ, ಮಗುವಿನಂತೆ ಅಳುತ್ತ, "ಆಯ್ತು, ಆಯ್ತು" ಎಂದು ತೊಡೆ ಚಚ್ಚಿಕೊಂಡ. ನಿಜವಾಗಿ ಅವನಿಗೆ ಗೊತ್ತಿದ್ದದ್ದು ಬೆರಳೆಣಿಕೆಯ ಮಾತುಗಳು. ಊಟ, ಬಾಗಿಲು, ಟೀಚರ್. ಅಷ್ಟೇ.

ಅವಳು ಆಫೀಸಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. "ಪಾಠ ಹೊರಗೆ ಬಿಡಬೇಡಿ. ಆ ಗೆರೆ ಸುಳ್ಳು. ಏರಿದ್ದು ಅವರ ಕಲಿಕೆ ಅಲ್ಲ, ನನ್ನ ಮುಖ."

ಮ್ಯಾನೇಜರು ಹಣೆ ಉಜ್ಜಿಕೊಂಡ. "ಮೇಡಂ, ನೀವು ನೊಂದಿದ್ದೀರಿ, ನನಗೆ ಅರ್ಥ ಆಗುತ್ತೆ. ಆದ್ರೆ ಎಲ್ಲ ಮನೆಯಲ್ಲೂ ಹಾಗೇ ಆಗಬೇಕಂತ ಏನಿದೆ? ನೀವು ರಜೆಯಲ್ಲಿದ್ದಾಗಲೇ ಪಾಠ ಹೊರಗೆ ಹೋಗಿ ಆಗಿದೆ. ಜನ ತಗೊಂಡಿದ್ದಾರೆ, ಖುಷಿಯಾಗಿದ್ದಾರೆ."

"ಖುಷಿಯಾಗೇ ಇರ್ತಾರೆ. ನಾನೂ ಇದ್ದೆ."

ವಾದ ಬಹಳ ದಿನ ನಡೆಯಿತು. ಕೊನೆಗೆ ಸಿಕ್ಕಿದ್ದು ಒಂದು ಸಾಲು: ಮನೆಯವರು ಕಲಿಯುವವರ ಕಣ್ಣಿಗೆ ಕಾಣದಂತೆ ಕೂರುವುದು ಒಳ್ಳೆಯದು. ಅದೂ ಮೊದಲ ಪುಟದ ಕೆಳತುದಿಯಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ. ಯಾವ ಅಕ್ಷರವನ್ನು ಕಣ್ಣು ಓದುತ್ತದೆ, ಯಾವುದನ್ನು ಹಾರಿಸುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಮಹಡಿಯಲ್ಲಿ ಯಾರಿದ್ದರು? ಬಳಸಿದವರು ಬರೆದು ಕಳಿಸುವ ಮಾತುಗಳು ಅವಳ ಕಂಪ್ಯೂಟರಿಗೂ ಬರುತ್ತಿದ್ದವು. ನಮ್ಮ ಅಪ್ಪ ಒಂದೂ ತಪ್ಪು ಮಾಡುವುದಿಲ್ಲ. ನಮ್ಮ ಅಮ್ಮನಿಗೆ ಎಲ್ಲ ತಿಳಿಯುತ್ತಿದೆ.

ಮನೆಯಲ್ಲಿ ಟ್ಯಾಬ್ಲೆಟ್ಟು ಮೂಲೆ ಸೇರಿತು. ನಾದಿನಿ ಅಂಗಡಿಯಿಂದ ಸುಟ್ಟ ಮೋಟಾರಿನ ಹಳೆಯ ಸುರುಳಿಗಳನ್ನು ಚೀಲದಲ್ಲಿ ಹೊತ್ತು ತಂದಳು. ಅವನು ಎಡಗೈಯಿಂದ ತಾಮ್ರದ ತಂತಿಯನ್ನು ಎಳೆ ಎಳೆಯಾಗಿ ಬಿಡಿಸುತ್ತ ಕೂರುತ್ತಿದ್ದ. ಅದರಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಆ ಹೊತ್ತಿನಲ್ಲಿ ಮಾತ್ರ ಅವನು ಅವಳ ಕಡೆ ತಿರುಗಿ ನೋಡುತ್ತಿರಲಿಲ್ಲ. ಅವಳು ಪಕ್ಕದಲ್ಲೇ ಕೂತಿರುತ್ತಿದ್ದಳು, ಭೇಷ್ ಎನ್ನದೆ ನಾಲಿಗೆ ಕಚ್ಚಿಕೊಂಡು. ದಿನಾ ಅವನ ಕಾಲನ್ನು ಕೈಯಿಂದ ಒತ್ತಿ ನೋಡುತ್ತಿದ್ದಳು, ಕೇಳುವುದನ್ನು ಬಿಟ್ಟುಬಿಟ್ಟಿದ್ದಳು.

ಚಳಿ ಹಿಡಿದ ಒಂದು ಮಧ್ಯಾಹ್ನ, ತಂತಿ ತೊಡೆಯ ಮೇಲಿರುವಾಗಲೇ, ಅವನ ತಲೆ ವಾಲಿತು. ಎರಡನೆಯ ಹೊಡೆತ. ಈ ಸಲ ಆಸ್ಪತ್ರೆಯ ಗೇಟೂ ದಾಟಲಿಲ್ಲ, ದಾರಿಯಲ್ಲೇ ಜೀವ ಹೋಯಿತು.

ದಿನಗಳು ಕಳೆದ ಮೇಲೆ ಟೀಚರ್ ಮತ್ತೆ ಆಫೀಸಿಗೆ ಹೋದಳು. ಮ್ಯಾನೇಜರಿಗೆ ಹೇಳಿದ್ದು ಒಂದೇ ಮಾತು: "ಬಳಸೋರ ಮನೆಗೆ ಹೋಗಿ ನೋಡ್ತೀನಿ. ಬೇಡ ಅನ್ನಬೇಡಿ." ಅವನು ಬೇಡವೆನ್ನಲಿಲ್ಲ. ಅವಳ ಮುಖ ನೋಡಿದರೆ ಯಾರೂ ಬೇಡವೆನ್ನುವ ಹಾಗಿರಲಿಲ್ಲ.

ಮೊದಲ ಮನೆ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಬಾಗಿಲು ತೆರೆದವಳು ನಡುವಯಸ್ಸಿನ ಮಗಳು, ಕೈಯಲ್ಲಿ ಹಿಟ್ಟು. ಅವಳ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸೊಂಟಕ್ಕೆ ದಿಂಬು ಕೊಟ್ಟು ಕೂತಿದ್ದರು. ಮಗಳು ಕೈ ಒರೆಸಿಕೊಂಡು ಸಂಭ್ರಮದಿಂದ ಪಾಠ ತೆರೆದಳು. "ನೋಡಿ ಬೇಕಾದ್ರೆ. ಅಪ್ಪಾ, ಕನ್ನಡಕ ಎಲ್ಲಿ?" ಬೆರಳು ಕನ್ನಡಕದ ಮೇಲೆ. "ಚಾದರ?" ಸರಿ. "ನೋವು?" ಸರಿ. ಮುದುಕರು ಪ್ರತಿಸಲ ಮಗಳತ್ತ ಕಣ್ಣೆತ್ತುತ್ತಿದ್ದರು. ಟೀಚರಿಗೆ ಆ ನೋಟ ಹೊಸದಲ್ಲ.

"ಒಂದು ಲೋಟ ನೀರು ಕೊಡ್ತೀರಾ?" ಎಂದು ಕೇಳಿ ಮಗಳನ್ನು ಒಳಗೆ ಕಳಿಸಿದಳು. ತಾನು ಗೋಡೆಯ ಕಡೆ ತಿರುಗಿ ನಿಂತು, ಪಾಠವನ್ನು ಅದರ ಪಾಡಿಗೆ ಓಡಲು ಬಿಟ್ಟಳು. ಮಗಳು ನೀರು ತಂದು ಬಾಗಿಲಲ್ಲೇ ನಿಂತಳು. ಪರದೆಯ ಮೇಲೆ ಒಂದರ ಹಿಂದೊಂದು ತಪ್ಪು ಬೀಳುತ್ತಿತ್ತು. ಮುದುಕರ ಕತ್ತು ಅತ್ತಿತ್ತ ತಿರುಗುತ್ತಿತ್ತು.

"ಇವತ್ತು ಸುಸ್ತಾಗಿದ್ದಾರೆ" ಎಂದಳು ಮಗಳು.

"ಇಲ್ಲಮ್ಮ" ಎಂದು ಟೀಚರ್ ಎಲ್ಲವನ್ನೂ ಹೇಳಿದಳು. ತನ್ನ ಗಂಡನ ಕಾಲಿನ ಊತವನ್ನೂ, ಆ ಬೆಳಗಿನ ಬಸ್ಸನ್ನೂ ಬಿಡಲಿಲ್ಲ. ಹೇಳಿ ಮುಗಿಸುವಾಗ ದನಿ ಬರೀ ಗಾಳಿಯಾಗಿತ್ತು.

ಮಗಳ ಮುಖ ಕೆಂಪಗಾಯಿತು. "ನೀವು ಬರೋ ತನಕ ನಮ್ಮಪ್ಪ ಕಲೀತಿದ್ರು" ಎಂದಳು. "ದಯವಿಟ್ಟು ಹೋಗಿ."

ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಟೀಚರ್ ಮೆಟ್ಟಿಲಿಳಿದು, ಬೀದಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು ಮುಂದಿನ ಮನೆಗೆ ಹೋದಳು. ಅಲ್ಲಿಯೂ ಹೆಚ್ಚುಕಡಿಮೆ ಅದೇ ಕತೆ. ಇನ್ನೊಂದು ಮನೆಯಲ್ಲಿ ಮಾತ್ರ ಒಬ್ಬ ಅಜ್ಜಿ, ಪಕ್ಕದಲ್ಲಿ ಯಾರೂ ಇಲ್ಲದಾಗಲೂ, ಅರ್ಧದಷ್ಟನ್ನು ಸರಿಯಾಗಿ ಮುಟ್ಟಿದಳು. ಟೀಚರ್ ಅದನ್ನು ನಂಬಲಾರದೆ ಎರಡು ಸಲ ಮಾಡಿಸಿದಳು.

ಕೆಲವು ದಿನಗಳ ನಂತರ ಮೂರನೆಯ ಮಹಡಿಯ ಮಗಳ ಫೋನು ಬಂತು. ನಮಸ್ಕಾರವಿಲ್ಲ, ಕ್ಷಮೆಯಿಲ್ಲ. ನೇರ ಕೇಳಿದಳು: "ನೋವಿದೆಯಾ ಅಂತ ತಿಳ್ಕೊಳ್ಳೋದು ಹೇಗೆ ಹಾಗಾದ್ರೆ?"

"ಕೇಳಬೇಡಿ" ಎಂದಳು ಟೀಚರ್. "ದಿನಾ ಸ್ನಾನ ಮಾಡಿಸುವಾಗ ಮೈಯೆಲ್ಲ ಮುಟ್ಟಿ ನೋಡಿ. ಮೊದಲು ಕಾಲು."

"ಮತ್ತೆ ಪಾಠ?"

"ಕುರ್ಚಿಯನ್ನ ಅವರ ಹಿಂದೆ ಹಾಕ್ಕೊಳ್ಳಿ. ಮೊದಮೊದಲು ನಿಮ್ಮನ್ನ ಹುಡುಕ್ತಾರೆ, ಅಳ್ತಾರೆ, ಸಿಟ್ಟು ಮಾಡ್ತಾರೆ. ನೀವು ಮುಂದೆ ಬರಬೇಡಿ."

"ಆಮೇಲೆ ಬರುತ್ತಾ?"

ಆ ಕಡೆಯಿಂದ ಪಾತ್ರೆಯ ಸದ್ದು, ಮುದುಕರ ಕೆಮ್ಮು ಕೇಳುತ್ತಿತ್ತು.

"ಗೊತ್ತಿಲ್ಲಮ್ಮ" ಎಂದಳು. "ಕೆಲವರಿಗೆ ಒಂದಷ್ಟು ಬರುತ್ತೆ."